ಸಾಕು ಅನ್ನೋದಕ್ಕೆ ಗ್ರೀಕ್‌ನಲ್ಲಿ ಏನಂತಾರೆ?

ಎಷ್ಟಿದ್ದರೆ ಸಾಕು? ಈ ಪ್ರಶ್ನೆಗೆ ನಮ್ಮ ವಯಸ್ಸಿನವರ ಹತ್ರ ಈಗ ರೆಡಿಮೇಡ್ ಸೂತ್ರ ಇದೆ. ನಿಮ್ಮ ಒಂದು ವರ್ಷದ ಖರ್ಚನ್ನು 25ರಿಂದ ಗುಣಿಸಿ. ಅಷ್ಟು ದುಡ್ಡು ಕೂಡಿಟ್ಟರೆ ಆಮೇಲೆ ಯಾವ ಮ್ಯಾನೇಜರ್ ಮುಂದೆಯೂ ತಲೆ ತಗ್ಗಿಸಬೇಕಿಲ್ಲ ಅನ್ನೋದು ಲೆಕ್ಕ. ನನ್ನ ಎಕ್ಸೆಲ್ ಶೀಟ್‌ನಲ್ಲೂ ಅಂಥದ್ದೊಂದು ಸೆಲ್ ಇದೆ. ನಿಮ್ಮದರಲ್ಲೂ ಇರಬಹುದು. ಮಜಾ ಏನಂದ್ರೆ, ಪ್ರತಿ ಅಪ್ರೈಸಲ್ ಆದಮೇಲೆ ಆ ನಂಬರ್ ಹತ್ತಿರ ಬರೋದರ ಬದಲು ಇನ್ನಷ್ಟು ದೂರ ಹೋಗುತ್ತೆ. ಸಂಬಳ ಏರಿತು, ಮನೆ ಬದಲಾಯ್ತು, ಖರ್ಚು ಏರಿತು, 25ರಿಂದ ಗುಣಿಸಿದ ಮೊತ್ತವೂ ಏರಿತು.

ಒಂದೊಂದು ಪದ ಹಿಡಿದು ಅದರ ಬೆನ್ನು ಹತ್ತೋದು ಈ ಅಂಕಣದ ಚಾಳಿ. ಈ ಸಲದ್ದು ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿ ಬರುವ ಒಂದು ಗ್ರೀಕ್ ಪದ: ಔತಾರ್ಕೇಯ. ನಾನು ಪಾದ್ರಿಯಲ್ಲ, ಗ್ರೀಕ್ ಪಂಡಿತನೂ ಅಲ್ಲ; ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಒಂದು ಹೆಸರು ಎಲ್ಲೆಲ್ಲಿ ಬಂದಿದೆ ಅಂತ ಹುಡುಕಿ, ಪ್ರತಿ ಜಾಗದಲ್ಲೂ ಅದು ಏನು ಕೆಲಸ ಮಾಡ್ತಿದೆ ಅಂತ ನೋಡೋದು ನಮಗೆ ದಿನನಿತ್ಯದ ಕೆಲಸ ತಾನೇ? ಅದನ್ನೇ ಇಲ್ಲೂ ಮಾಡೋಣ.

ಪದದ ಒಳಗೆ ಏನಿದೆ

ಔತಾರ್ಕೇಯ ಎರಡು ತುಂಡಿನ ಪದ. ಮೊದಲನೆಯದು ಔತೋಸ್, ಅಂದ್ರೆ 'ತಾನೇ', 'ಸ್ವಂತ'. ಆಟೋಗ್ರಾಫ್, ಆಟೋಮ್ಯಾಟಿಕ್, ಆಟೋಮೊಬೈಲ್, ಕೊನೆಗೆ ನಮ್ಮ ಬೀದಿಯ ಆಟೋ ಎಲ್ಲದರಲ್ಲೂ ಇರೋದು ಇದೇ. ಎರಡನೆಯದು ಅರ್ಕೆಯೋ ಎಂಬ ಕ್ರಿಯಾಪದ, ಅಂದ್ರೆ 'ಸಾಲುತ್ತೆ', 'ಸಾಕಾಗುತ್ತೆ'. ಎರಡನ್ನೂ ಸೇರಿಸಿದರೆ 'ತನಗೆ ತಾನೇ ಸಾಲುವ ಸ್ಥಿತಿ'. ಸ್ವಾವಲಂಬನೆ ಅನ್ನಬಹುದು, ತೃಪ್ತಿ ಅನ್ನಬಹುದು. ಈ ಎರಡು ಅರ್ಥಗಳ ನಡುವೆ ಎಷ್ಟು ದೂರ ಇದೆ ಅಂತ ನೋಡಿ. ಈ ಪದದ ಕಥೆಯೆಲ್ಲ ಆ ದೂರದಲ್ಲೇ ನಡೆಯೋದು.

ಅರ್ಕೆಯೋ ಪದಕ್ಕೆ ಇನ್ನೂ ಹಳೆಯ ಅರ್ಥ ಒಂದಿದೆ: ತಡೆಯೋದು, ಕಾಯೋದು. ಹೋಮರನ ಕಾವ್ಯದಲ್ಲಿ ಎದೆಕವಚ ಈಟಿಯ ಏಟನ್ನು ತಡೆದು ಯೋಧನನ್ನು ಉಳಿಸುವಾಗ ಬರೋದು ಈ ಕ್ರಿಯಾಪದವೇ. ತಡೆಯುವಷ್ಟು ಗಟ್ಟಿ ಇದೆ, ಆದ್ದರಿಂದ ಸಾಕು. ಅರ್ಥ ಹೀಗೆ ನಿಧಾನಕ್ಕೆ ಜಾರಿಕೊಂಡು ಬಂತು. ಇದರ ಲ್ಯಾಟಿನ್ ನೆಂಟ ಆರ್ಕಾ, ಅಂದ್ರೆ ಪೆಟ್ಟಿಗೆ. ನೋಹನ ನಾವೆಗೆ ಇಂಗ್ಲಿಷಿನಲ್ಲಿ ಹೇಳುವ ಆರ್ಕ್ ಬಂದದ್ದು ಅಲ್ಲಿಂದ. ಅಂದ್ರೆ ಈ 'ಸಾಕು' ಗ್ರೀಕರಿಗೆ ಹುಟ್ಟಿದ್ದು ತುಂಬಿದ ಪಾತ್ರೆಯ ಚಿತ್ರದಿಂದಲ್ಲ. ಹೊಲಕ್ಕೆ ಹಾಕಿದ ಬೇಲಿಯ ಥರದ ಚಿತ್ರದಿಂದ. ಬೇಲಿ ಎಷ್ಟು ಎತ್ತರ ಇರಬೇಕು? ದನ ಒಳಗೆ ನುಗ್ಗದಷ್ಟು. ಅದಕ್ಕಿಂತ ಮೇಲೆ ಏರಿಸುತ್ತಾ ಹೋದರೆ ಪಕ್ಕದ ಹೊಲದವನ ಮುಖವೂ ಕಾಣಲ್ಲ.

ಪೌಲನಿಗಿಂತ ಮುಂಚೆ

ಬೈಬಲ್‌ಗೆ ಬರುವ ಮೊದಲೇ ಈ ಪದಕ್ಕೆ ನಾನೂರೈನೂರು ವರ್ಷದ ಅನುಭವ ಇತ್ತು. ಇತಿಹಾಸಕಾರ ಹೆರೊಡೊಟಸ್ ಕ್ರಿ.ಪೂ. 5ನೇ ಶತಮಾನದಲ್ಲಿ ಒಂದು ಪ್ರಸಂಗ ಹೇಳ್ತಾನೆ. ಮಹಾ ಶ್ರೀಮಂತ ದೊರೆ ಕ್ರೀಸಸ್, ತನ್ನ ಖಜಾನೆಯನ್ನೆಲ್ಲ ತೋರಿಸಿ, ಅಥೆನ್ಸ್‌ನ ಜ್ಞಾನಿ ಸೋಲೋನನಿಂದ 'ನಿಮ್ಮಷ್ಟು ಸುಖಿ ಯಾರಿಲ್ಲ' ಎಂಬ ಮಾತು ನಿರೀಕ್ಷಿಸುತ್ತಾನೆ. ಸೋಲೋನ ಆ ಮಾತು ಆಡೋದಿಲ್ಲ. ಯಾವ ದೇಶವೂ ತನಗೆ ಬೇಕಾದ್ದನ್ನೆಲ್ಲ ತಾನೇ ಬೆಳೆಯೋದಿಲ್ಲ, ಒಂದಿದ್ದರೆ ಇನ್ನೊಂದಿರೋದಿಲ್ಲ, ಮನುಷ್ಯನೂ ಹಾಗೇ ಅನ್ನುತ್ತಾನೆ. ಸಂಪೂರ್ಣ ಔತಾರ್ಕೇಯ ಯಾರಿಗೂ ಇಲ್ಲ ಅನ್ನೋದು ಅವನ ತಾತ್ಪರ್ಯ.

ಅರಿಸ್ಟಾಟಲ್ ಸುಖಕ್ಕೆ ಔತಾರ್ಕೇಯ ಬೇಕೇ ಬೇಕು ಅಂತ ಒಪ್ಪುತ್ತಾನೆ. ಆದರೆ ಕೂಡಲೇ ಒಂದು ಕಂಡೀಶನ್ ಹಾಕ್ತಾನೆ: ನಾನು ಹೇಳ್ತಿರೋದು ಒಂಟಿಯಾಗಿ ಬದುಕೋನ ಬಗ್ಗೆ ಅಲ್ಲ, ಅಪ್ಪ ಅಮ್ಮ, ಮಕ್ಕಳು, ಹೆಂಡತಿ, ಗೆಳೆಯರು, ಊರಿನವರು ಎಲ್ಲರನ್ನೂ ಸೇರಿಸಿಕೊಂಡ ಬದುಕಿನ ಬಗ್ಗೆ. ಊರೇ ಬೇಡ ಅನ್ನೋನು ಒಂದೋ ಮೃಗ ಆಗಿರಬೇಕು, ಇಲ್ಲವೇ ದೇವರಾಗಿರಬೇಕು ಅನ್ನುತ್ತಾನೆ ಇನ್ನೊಂದು ಕಡೆ.

ಎಲ್ಲರೂ ಈ ಕಂಡೀಶನ್ನಿಗೆ ಕಟ್ಟುಬೀಳಲಿಲ್ಲ. ಡಯೋಜಿನೀಸ್ ಎಂಬ ಸಿನಿಕ ತತ್ವಜ್ಞಾನಿಯ ಕಥೆ ನಿಮಗೆ ಗೊತ್ತಿರಬಹುದು. ಒಬ್ಬ ಹುಡುಗ ಬೊಗಸೆಯಲ್ಲಿ ನೀರು ಕುಡಿಯೋದನ್ನು ನೋಡಿ, ಒಂದು ಮಗು ನನ್ನನ್ನು ಸೋಲಿಸಿತಲ್ಲ ಅಂತ ತನ್ನ ಬಟ್ಟಲನ್ನೂ ಎಸೆದುಬಿಟ್ಟನಂತೆ. ನಮ್ಮ ಕಾಲದ ಮಿನಿಮಲಿಸ್ಟ್ ವಿಡಿಯೋಗಳಿಗೆಲ್ಲ ಇವನೇ ಮೂಲಪುರುಷ. ಸ್ಟೋಯಿಕರು ಅದನ್ನೇ ಇನ್ನಷ್ಟು ನಾಜೂಕಾಗಿ ಹೇಳಿದರು: ಸುಖಕ್ಕೆ ಸದ್ಗುಣ ಒಂದೇ ಸಾಕು, ಜ್ಞಾನಿಗೆ ಹೊರಗಿನಿಂದ ಏನೂ ಬೇಕಿಲ್ಲ. ರೋಮಿನ ಸೆನೆಕ ಜ್ಞಾನಿ ತನಗೆ ತಾನೇ ಸಾಕು ಅನ್ನೋದನ್ನು ಚರ್ಚಿಸಲು ಒಂದು ಇಡೀ ಪತ್ರ ಬರೆದಿದ್ದಾನೆ. ಗೆಳೆಯರು ಇದ್ದರೆ ಚೆಂದ, ಕಳೆದುಕೊಂಡರೂ ಶಾಂತವಾಗಿ ತಡೆದುಕೊಳ್ಳಬಲ್ಲ ಅನ್ನೋ ಧಾಟಿ ಅದರದ್ದು. ಹಾಗೆ ಬರೆದವನು ಆ ಕಾಲದ ರೋಮಿನ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಯೂಟ್ಯೂಬ್‌ನಲ್ಲಿ ಸರಳ ಜೀವನದ ಬಗ್ಗೆ ಹೇಳಿ ದುಡ್ಡು ಮಾಡೋರನ್ನ ನೋಡಿದಾಗೆಲ್ಲ ನನಗೆ ಇವನ ನೆನಪಾಗುತ್ತೆ.

ಇಲ್ಲೊಂದು ಸ್ವಾರಸ್ಯ. ಸೆನೆಕನ ಅಣ್ಣ ಗಲ್ಲಿಯೋ, ಕೊರಿಂಥ ಪಟ್ಟಣ ಸೇರಿದ್ದ ಪ್ರಾಂತ್ಯಕ್ಕೆ ರೋಮಿನ ಅಧಿಪತಿಯಾಗಿದ್ದ. ಪೌಲನನ್ನು ಹಿಡಿದು ದೂರು ಕೊಟ್ಟವರು ನಿಲ್ಲಿಸಿದ್ದು ಇದೇ ಗಲ್ಲಿಯೋನ ಮುಂದೆ ಅಂತ ಹೊಸ ಒಡಂಬಡಿಕೆ ಹೇಳುತ್ತೆ. ಅಂದ್ರೆ ತಮ್ಮ 'ತನಗೆ ತಾನೇ ಸಾಕು' ಅನ್ನೋದರ ಬಗ್ಗೆ ಬರೆದರೆ, ಅಣ್ಣನ ಕಟಕಟೆಯಲ್ಲಿ ನಿಂತಿದ್ದ ಒಬ್ಬ ಡೇರೆ ಹೊಲಿಯುವವ ಅದೇ ವಿಚಾರದ ಪದವನ್ನು ಬೇರೆ ಥರ ಬಳಸುವವನಿದ್ದ.

ಜೈಲಿನಿಂದ ಬಂದ ರಸೀದಿ

ಹೊಸ ಒಡಂಬಡಿಕೆ ಪೂರ್ತಿ ಹುಡುಕಿದರೆ ಔತಾರ್ಕೇಯ ಎಂಬ ನಾಮಪದ ಬರೋದು ಎರಡೇ ಸಲ, ಅದರ ವಿಶೇಷಣ ಔತಾರ್ಕೇಸ್ ಬರೋದು ಒಂದೇ ಸಲ. ಒಟ್ಟು ಮೂರೇ ಜಾಗ. ಅದರಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಪೌಲ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದ 4ನೇ ಅಧ್ಯಾಯ.

ಸಂದರ್ಭ ಇಷ್ಟು. ಪೌಲ ಸೆರೆಯಲ್ಲಿದ್ದಾನೆ. ರೋಮನ್ ಕಾಲದ ಸೆರೆಯಲ್ಲಿ ಹೊರಗಿನವರು ಅನ್ನ ಬಟ್ಟೆ ತಂದುಕೊಡದೆ ಬದುಕೋದು ಕಷ್ಟ. ಫಿಲಿಪ್ಪಿಯವರು ಎಪಫ್ರೊದೀತ ಎಂಬವನ ಕೈಯಲ್ಲಿ ಸಹಾಯ ಕಳಿಸಿದ್ದಾರೆ. ಹಾಗೆ ಬಂದವನು ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಈಗ ಪೌಲ ಥ್ಯಾಂಕ್ಸ್ ಹೇಳಬೇಕು.

ಈ ಮನುಷ್ಯ ಯಾರು ಅನ್ನೋದು ನೆನಪಿರಲಿ. ಡೇರೆ ಹೊಲಿದು ಸ್ವಂತ ದುಡಿಮೆಯಲ್ಲಿ ಬದುಕಿದವನು. ಯಾರಿಗೂ ಹೊರೆಯಾಗಬಾರದು ಅಂತ ಹಗಲೂ ರಾತ್ರಿ ಕೆಲಸ ಮಾಡಿದೆ ಅಂತ ಬೇರೆ ಪತ್ರಗಳಲ್ಲಿ ಹೇಳಿಕೊಂಡವನು. ಅಂಥವನಿಗೆ ಕೈ ಚಾಚಿ ತಗೊಳ್ಳೋದು ಸುಲಭವಲ್ಲ. ಆ ಸಂಕೋಚ ಪತ್ರದಲ್ಲೇ ಕಾಣುತ್ತೆ. ನೀವು ನನ್ನನ್ನು ನೆನೆಸಿಕೊಂಡದ್ದಕ್ಕೆ ಖುಷಿಯಾಯ್ತು ಅನ್ನುತ್ತಾನೆ. ಕೂಡಲೇ, ಕೊರತೆ ಇತ್ತು ಅಂತ ಹೇಳ್ತಿಲ್ಲ, ಇದ್ದ ಸ್ಥಿತಿಯಲ್ಲೇ ಔತಾರ್ಕೇಸ್ ಆಗಿರೋದನ್ನು ಕಲಿತಿದ್ದೇನೆ ಅನ್ನುತ್ತಾನೆ. ಹೊಟ್ಟೆ ತುಂಬಿದ್ದೂ ಗೊತ್ತು, ಹಸಿದದ್ದೂ ಗೊತ್ತು ಅನ್ನುತ್ತಾನೆ. ಇಷ್ಟಾದಮೇಲೆ 'ಆದರೂ' ಅಂತ ತಿರುಗಿ, ನನ್ನ ಕಷ್ಟದಲ್ಲಿ ನೀವು ಪಾಲು ತಗೊಂಡದ್ದು ಒಳ್ಳೆಯದಾಯ್ತು ಅಂತ ಒಪ್ಪಿಕೊಳ್ಳುತ್ತಾನೆ. ಥ್ಯಾಂಕ್ಸ್ ಎಂಬ ಮಾತೇ ನೇರವಾಗಿ ಬರದ ಥ್ಯಾಂಕ್ಸ್ ಪತ್ರ ಅಂತ ವಿದ್ವಾಂಸರು ಈ ಭಾಗದ ಬಗ್ಗೆ ತುಂಬಾ ಬರೆದಿದ್ದಾರೆ.

ಈ ಪತ್ರದಲ್ಲಿ ಮೂರು ಸಣ್ಣ ಪದಗಳನ್ನು ಗಮನಿಸಬೇಕು. ಮೊದಲನೆಯದು 'ಕಲಿತೆ'. ಅವನಿಗೆ ಇದು ಹುಟ್ಟುಗುಣವಲ್ಲ, ಅಭ್ಯಾಸದಿಂದ ಬಂದದ್ದು. ಎರಡನೆಯದು, ಹಸಿವು ಮತ್ತು ತೃಪ್ತಿಯ ಗುಟ್ಟು ಗೊತ್ತಾಯ್ತು ಅನ್ನೋದಕ್ಕೆ ಅವನು ಬಳಸಿದ ಕ್ರಿಯಾಪದ. ಗ್ರೀಕರ ರಹಸ್ಯ ಪಂಥಗಳಲ್ಲಿ ದೀಕ್ಷೆ ಕೊಡುವುದಕ್ಕೆ ಬಳಸುತ್ತಿದ್ದ ಪದ ಅದು. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ಅಪೇಖೋ. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿರುವ ಆ ಕಾಲದ ಪಪೈರಸ್ ರಸೀದಿಗಳಲ್ಲಿ ಇದೇ ಪದ ಬರುತ್ತೆ. 'ಪೂರ್ತಿ ಸಂದಾಯವಾಗಿದೆ' ಅಂತ ಅರ್ಥ. ಯುಪಿಐನಲ್ಲಿ ದುಡ್ಡು ಬಂದಾಗ ಅಂಗಡಿಯ ಡಬ್ಬಿ ಕೂಗುತ್ತಲ್ಲ, ಹೆಚ್ಚುಕಡಿಮೆ ಅದೇ. ಕೊಟ್ಟು ತೆಗೆದುಕೊಳ್ಳುವ ಖಾತೆ, ನಿಮ್ಮ ಲೆಕ್ಕಕ್ಕೆ ಜಮಾ ಆಗುವ ಫಲ, ಇಂಥ ವ್ಯಾಪಾರದ ಮಾತುಗಳು ಆ ನಾಲ್ಕೈದು ಸಾಲುಗಳ ತುಂಬಾ ಇವೆ.

ಈಗ ಯೋಚಿಸಿ. ಸ್ಟೋಯಿಕ್ ಜ್ಞಾನಿಯ ಔತಾರ್ಕೇಯದಲ್ಲಿ ರಸೀದಿಗೆ ಜಾಗವಿಲ್ಲ. ಅವನಿಗೆ ಏನೂ ಬೇಕಿಲ್ಲ, ಆದ್ದರಿಂದ ಏನೂ ಸಂದಾಯವಾಗೋದಿಲ್ಲ. ಪೌಲ ಅದೇ ಪದ ಎತ್ತಿಕೊಂಡು, ಪಕ್ಕದಲ್ಲೇ 'ನಿಮ್ಮಿಂದ ಇಷ್ಟು ಬಂತು' ಅಂತ ಸಹಿ ಹಾಕ್ತಾನೆ. ತನಗಿರುವ ಬಲ ತನ್ನೊಳಗಿಂದ ಹುಟ್ಟಿದ್ದಲ್ಲ, ಕ್ರಿಸ್ತನಿಂದ ಬಂದದ್ದು ಅಂತಲೂ ಹೇಳ್ತಾನೆ. ಪದದ ಮೊದಲ ತುಂಡು 'ತಾನೇ' ಇದೆಯಲ್ಲ, ಅದನ್ನು ಒಳಗಿನಿಂದಲೇ ಬಿಚ್ಚಿ ಇಡುತ್ತಾನೆ. ನೀವು ಆ ನಂಬಿಕೆಯವರಾಗಿರಲಿ, ಇಲ್ಲದಿರಲಿ, ಪದಕ್ಕೆ ಆದದ್ದನ್ನು ಗಮನಿಸಬಹುದು: 'ನನಗೆ ಯಾರೂ ಬೇಡ' ಅನ್ನೋದರಿಂದ 'ಎಷ್ಟು ಬಂದರೂ ಎಷ್ಟು ಹೋದರೂ ನಾನು ಮುರಿಯೋದಿಲ್ಲ, ನೀವು ಕೊಟ್ಟದ್ದನ್ನೂ ಮರೆಯೋದಿಲ್ಲ' ಅನ್ನೋದಕ್ಕೆ ಅದು ಬಂದು ನಿಂತಿದೆ.

ಅಂದಹಾಗೆ, ಅದರ ಪಕ್ಕದ ವಾಕ್ಯ, 4:13, ಎಲ್ಲವನ್ನೂ ಮಾಡಬಲ್ಲೆ ಅನ್ನುವ ಅರ್ಥದ್ದು, ಬಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರಿಯ ಶೂ ಮೇಲೂ ಇದೆ, ಎಷ್ಟೋ ಜಿಮ್ ಟೀಶರ್ಟ್‌ಗಳ ಮೇಲೂ ಇದೆ. ಮೂಲದಲ್ಲಿ ಆ 'ಎಲ್ಲ' ಅಂದ್ರೆ ಗೆಲುವು ಅಂತಲ್ಲ. ಊಟ ಇದ್ದ ದಿನ, ಊಟ ಇಲ್ಲದ ದಿನ, ಎರಡೂ.

ಮಿಕ್ಕಿದ್ದು ಯಾತಕ್ಕೆ

ಎರಡನೇ ಜಾಗ ಕೊರಿಂಥದವರಿಗೆ ಬರೆದ ಎರಡನೇ ಪತ್ರ, 9:8. ಇಲ್ಲಿ ಪೌಲ ಚಂದಾ ಎತ್ತುತ್ತಿದ್ದಾನೆ. ಯೆರೂಸಲೇಮಿನ ಬಡವರಿಗಾಗಿ ಕೊರಿಂಥದವರು ಹಿಂದಿನ ವರ್ಷವೇ ಹಣ ಕೊಡ್ತೀವಿ ಅಂದಿದ್ದರು, ಇನ್ನೂ ಪೂರ್ತಿ ಮಾಡಿಲ್ಲ. ಫಿಲಿಪ್ಪಿ ಇರುವ ಮಕೆದೋನ್ಯದವರು ತಾವೇ ಕಡುಬಡವರಾಗಿದ್ದರೂ ಕೊಟ್ಟರು ಅಂತ ನಯವಾಗಿ ಚುಚ್ಚುತ್ತಾನೆ. ಆಮೇಲೆ ಬರೋದು ಈ ವಾಕ್ಯ. 'ಎಲ್ಲ' ಎಂಬ ಪದದ ರೂಪಗಳನ್ನು ಒಂದೇ ವಾಕ್ಯದಲ್ಲಿ ಐದು ಸಲ ಹೇಳಿ, ನಿಮಗೆ ಪೂರ್ತಿ ಔತಾರ್ಕೇಯ ಇದ್ದು, ಒಳ್ಳೆ ಕೆಲಸಕ್ಕೆ ಮಿಗುವಷ್ಟಾಗಲಿ ಅನ್ನುತ್ತಾನೆ.

ಇಲ್ಲಿ 'ಸಾಕು' ಅನ್ನೋದು ಗುರಿಯಲ್ಲ, ದಾರಿಯ ಮಧ್ಯದ ಸ್ಟಾಪ್. ನನಗೆ ಸಾಕಾದ ಕ್ಷಣದಿಂದ ಮುಂದೆ ಬರೋದು ಬೇರೆಯವರ ಕಡೆ ಹರಿಯಬೇಕು. ಬೇಕಾದಷ್ಟೇ ಇರಲಿ ಅಂತ ಬಟ್ಟಲು ಎಸೆದ ಡಯೋಜಿನೀಸ್ ತನ್ನ ಬೇಕುಗಳನ್ನು ಕಮ್ಮಿ ಮಾಡಿಕೊಂಡ, ಸರಿ. ಆ ಬಟ್ಟಲು ಯಾರಿಗಾದ್ರೂ ಸಿಕ್ಕಿತೋ ಇಲ್ಲವೋ ಕಥೆ ಹೇಳಲ್ಲ. ಪೌಲನಿಗೆ ಮುಖ್ಯವಾದದ್ದೇ ಅದು. ಇದಕ್ಕೆ ಸ್ವಲ್ಪ ಮೊದಲು ಅವನು ಹಳೆ ಒಡಂಬಡಿಕೆಯ ಮನ್ನಾ ಪ್ರಸಂಗ ನೆನಪಿಸುತ್ತಾನೆ. ಮರುಭೂಮಿಯಲ್ಲಿ ಜನ ಮನ್ನಾ ಕೂಡಿಸುತ್ತಾರೆ. ಅಳೆದು ನೋಡಿದರೆ ಹೆಚ್ಚು ಕೂಡಿಸಿದವನಿಗೆ ಮಿಕ್ಕಿರಲ್ಲ, ಕಮ್ಮಿ ಕೂಡಿಸಿದವನಿಗೆ ಕೊರತೆ ಇರಲ್ಲ. ಮಾತು ಮೀರಿ ಬೆಳಗಿನವರೆಗೆ ಇಟ್ಟುಕೊಂಡವರ ಮನ್ನಾ ಹುಳ ಬಿದ್ದು ನಾರುತ್ತೆ. ಆ ಕಥೆಯಿಂದ ಪೌಲ ಎತ್ತಿಕೊಳ್ಳೋದು ಸಮಾನತೆಯ ಮಾತನ್ನು: ಇವತ್ತು ನಿಮ್ಮ ಹತ್ರ ಮಿಕ್ಕಿದ್ದು ಅವರ ಕೊರತೆಗೆ, ನಾಳೆ ಅವರದ್ದು ನಿಮ್ಮ ಕೊರತೆಗೆ.

ಮೂರನೇ ಜಾಗ ತಿಮೊಥೆಯನಿಗೆ ಬರೆದ ಮೊದಲ ಪತ್ರ, 6:6. ಭಕ್ತಿಯನ್ನೇ ಲಾಭದ ದಂಧೆ ಮಾಡಿಕೊಂಡವರನ್ನು ಬೈದು, ಲಾಭ ಇರೋದು ನಿಜ, ಆದರೆ ಅದು ಔತಾರ್ಕೇಯದ ಜೊತೆಗಿನ ಭಕ್ತಿಯಲ್ಲಿ ಅಂತ ಅವರ ಮಾತನ್ನೇ ಅವರಿಗೆ ತಿರುಗಿಸುತ್ತೆ ಆ ಪತ್ರ. ಎರಡು ವಾಕ್ಯ ಬಿಟ್ಟು, ಊಟ ಮತ್ತು ಹೊದಿಕೆ ಇದ್ದರೆ ಸಾಕು ಅನ್ನುತ್ತೆ. ಆ 'ಸಾಕು' ನಮ್ಮ ಅರ್ಕೆಯೋನೇ. 'ಹೊದಿಕೆ' ಎಂದು ಹೇಳಿದ ಗ್ರೀಕ್ ಪದಕ್ಕೆ ಬಟ್ಟೆ ಅಂತಲೂ ಆಗುತ್ತೆ, ತಲೆಯ ಮೇಲಿನ ಸೂರು ಅಂತಲೂ ಆಗುತ್ತೆ. ಹೋಮ್ ಲೋನ್ ಇರೋರಿಗೆ ಸ್ವಲ್ಪ ಸಮಾಧಾನ.

ಸಾಕು ಅಂತ ಯಾರಿಗೆ ಹೇಳಬೇಕು

ಇಲ್ಲಿ ಒಂದು ಅಪಾಯ ಇದೆ, ಅದನ್ನು ಹೇಳದೆ ಮುಂದೆ ಹೋದರೆ ಈ ಅಂಕಣ ಬರೀ ಉಪದೇಶ ಆಗುತ್ತೆ. 'ಇದ್ದದ್ದರಲ್ಲಿ ತೃಪ್ತಿ ಪಡು' ಎಂಬ ಮಾತನ್ನು ಜಗತ್ತಿನಲ್ಲಿ ಹೆಚ್ಚಾಗಿ ಹೇಳಿರೋದು ಉಳ್ಳವರು ಇಲ್ಲದವರಿಗೆ. ಮೂರು ತಿಂಗಳಿಂದ ಸಂಬಳ ಬರದ ಡೆಲಿವರಿ ಹುಡುಗನಿಗೆ ತೃಪ್ತಿಯ ಪಾಠ ಹೇಳೋದು ಅನ್ಯಾಯ.

ಅರ್ಕೆಯೋ ಬಂದಿರುವ ಜಾಗಗಳನ್ನು ನೋಡಿದಾಗ ನನಗೆ ನೆಮ್ಮದಿ ಎನಿಸಿದ್ದು ಈ ವಿಷಯದಲ್ಲೇ. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಸ್ನಾನಿಕ ಯೋಹಾನನ ಹತ್ರ ಸಿಪಾಯಿಗಳು ಬಂದು ನಾವೇನು ಮಾಡಬೇಕು ಅಂತ ಕೇಳ್ತಾರೆ. ಬೆದರಿಸಿ ಸುಲಿಯಬೇಡಿ, ಸುಳ್ಳು ದೂರು ಹಾಕಬೇಡಿ, ನಿಮ್ಮ ಸಂಬಳ ಸಾಕು ಅಂದುಕೊಳ್ಳಿ ಅನ್ನುತ್ತಾನೆ. ಕೇಳಿದವರ ಕೈಯಲ್ಲಿ ಕತ್ತಿ ಇತ್ತು. ಅವರು 'ಸಾಕು' ಅನ್ನದಿದ್ದರೆ ಇನ್ನೊಬ್ಬರ ಮನೆ ಲೂಟಿ. ತಿಮೊಥೆಯನ ಪತ್ರದಲ್ಲೂ ಅದರ ಹಿಂದೆಯೇ ಬರೋದು ಶ್ರೀಮಂತರಾಗಲೇಬೇಕು ಅಂತ ಹಟ ಹಿಡಿದವರಿಗೆ ಎಚ್ಚರಿಕೆ. ಯಾಕೋಬನ ಪತ್ರವಂತೂ ಬಟ್ಟೆಯಿಲ್ಲದೆ ಹಸಿದು ಬಂದವನಿಗೆ ಏನೂ ಕೊಡದೆ 'ಬೆಚ್ಚಗಿರು, ಹೊಟ್ಟೆ ತುಂಬಿಸ್ಕೋ' ಅಂತ ಹಾರೈಸಿ ಕಳಿಸೋದರಿಂದ ಏನು ಬಂತು ಅಂತ ನೇರವಾಗಿ ಕೇಳುತ್ತೆ. ಪೌಲನೂ 'ಸಾಕು' ಅಂದದ್ದು ತನ್ನ ಬಗ್ಗೆ. ಯೆರೂಸಲೇಮಿನ ಬಡವರಿಗೆ ಅದನ್ನು ಬೋಧಿಸಲು ಹೋಗಲಿಲ್ಲ, ಅವರಿಗೆ ಚಂದಾ ಎತ್ತಿದ. ಈ ಪದವನ್ನು ಕನ್ನಡಿ ಮುಂದೆ ಬಳಸಬೇಕು, ಕಿಟಕಿಯಿಂದ ಆಚೆಗೆ ಎಸೆಯಬಾರದು.

ಇನ್ನೊಂದು ಕಡೆ ಈ ಪದ ದೇಶಗಳ ಕೈಗೂ ಸಿಕ್ಕಿತು. ಅರ್ಥಶಾಸ್ತ್ರದಲ್ಲಿ ಆಟಾರ್ಕಿ ಅಂದ್ರೆ ಹೊರಗಿನ ವ್ಯಾಪಾರ ಬೇಡದ, ಎಲ್ಲವನ್ನೂ ತಾನೇ ಮಾಡಿಕೊಳ್ಳುವ ದೇಶ. 1936ರಲ್ಲಿ ಹಿಟ್ಲರನ ಜರ್ಮನಿ ಶುರು ಮಾಡಿದ ನಾಲ್ಕು ವರ್ಷದ ಯೋಜನೆಯ ಹಿಂದೆ ಇದ್ದದ್ದು ಇದೇ: ಯುದ್ಧ ಬಂದರೆ ಹೊರಗಿನ ಎಣ್ಣೆ, ರಬ್ಬರ್‌ಗೆ ಕಾಯದೆ ಕೃತಕವಾಗಿ ಇಲ್ಲೇ ಮಾಡಿಕೊಳ್ಳಬೇಕು. ಫ್ರಾಂಕೋನ ಸ್ಪೇನ್ 1939ರ ನಂತರ ಬಾಗಿಲು ಹಾಕಿಕೊಂಡಿತು. 1940ರ ದಶಕವನ್ನು ಆ ದೇಶದವರು ಇವತ್ತಿಗೂ ಹಸಿವಿನ ವರ್ಷಗಳು ಅಂತಾರೆ. 1959ರಲ್ಲಿ ಆ ನೀತಿ ಕೈಬಿಡಬೇಕಾಯ್ತು. ಸೋಲೋನನ ಮಾತು ಎರಡೂವರೆ ಸಾವಿರ ವರ್ಷ ಆದಮೇಲೂ ನಿಂತಿತ್ತು.

ಏಳನೇ ತಿಂಗಳು

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಂಡೆ ಅಂದ್ರೆ, ನನ್ನ ಒಬ್ಬ ಗೆಳೆಯನಿಂದ. ಹೆಸರು ಬೇಡ. ಇಂಜಿನಿಯರಿಂಗ್‌ನಲ್ಲಿ ನನ್ನ ರೂಮ್‌ಮೇಟ್. ದುಡ್ಡಿನ ವಿಷಯದಲ್ಲಿ ನಮ್ಮೆಲ್ಲರಿಗಿಂತ ಜಾಣ. ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟವನಲ್ಲ, ಟರ್ಮ್ ಇನ್ಶೂರೆನ್ಸ್ ಇದೆ, ಆರು ತಿಂಗಳ ಖರ್ಚಿನ ಎಮರ್ಜೆನ್ಸಿ ಫಂಡ್ ಬೇರೆ ಅಕೌಂಟ್‌ನಲ್ಲಿ ಇಟ್ಟಿದ್ದ. ಒಂದು ಮಧ್ಯಾಹ್ನ ಹದಿನೈದು ನಿಮಿಷದ ಕಾಲ್‌ನಲ್ಲಿ ಅವನ ಇಡೀ ಟೀಮನ್ನು ತೆಗೆದರು. ಕೆಲಸ ಸಿಗಲು ಆರು ತಿಂಗಳಿಗಿಂತ ಜಾಸ್ತಿ ಬೇಕಾಯ್ತು. ಎಲ್ಲ ಸೂತ್ರ ಸರಿಯಾಗೇ ಪಾಲಿಸಿದವನಿಗೆ ಏಳನೇ ತಿಂಗಳು ಬಂತು.

ಊರಲ್ಲಿರೋ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಅವರ ಫೋನ್ ಬಂದರೆ ಮೊದಲಿನ ಥರವೇ "ಮೀಟಿಂಗ್ ಇದೆ ಅಮ್ಮ, ಆಮೇಲೆ ಮಾಡ್ತೀನಿ" ಅನ್ನುತ್ತಿದ್ದ. ನಮಗೂ ಗೊತ್ತಾಗಿದ್ದು ಅವನ ಹೆಂಡತಿ ನಮ್ಮ ಮನೆಯವಳ ಹತ್ರ ಹೇಳಿಕೊಂಡಮೇಲೆ. ನಾಲ್ಕು ಜನ ಗೆಳೆಯರು ಹೋಗಿ ಎರಡು ತಿಂಗಳ ಇಎಂಐ ನಾವು ನೋಡ್ಕೋತೀವಿ ಅಂದೆವು.

"ಬೇಡ ಮಗಾ. ನಾನು ಯಾರ ಹತ್ರನೂ ಒಂದು ರೂಪಾಯಿ ತಗೊಂಡವನಲ್ಲ."

"ನೀನು ಕೇಳಿದೀಯ ಅಂತ ಕೊಡ್ತಿದೀವಾ?"

"ಅದಲ್ಲ. ಇಸ್ಕೊಂಡ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳಾದ ಹಾಗೆ ಅನ್ಸುತ್ತೆ."

ಆ ಕೊನೆಯ ವಾಕ್ಯ ನನ್ನನ್ನು ಬಹಳ ದಿನ ಕಾಡಿತು. ಅವನಿಗೆ ಕೊರತೆಯಾಗಿದ್ದು ದುಡ್ಡು ಒಂದೇ ಅಲ್ಲ. ತಗೊಳ್ಳೋದು ಹೇಗೆ ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ನನಗೂ ಕಲಿಸಿಲ್ಲ. ನಿಮಗೆ? ನಾವು ಕಲಿತ ಸ್ವಾವಲಂಬನೆ ಸೆನೆಕನ ಮಾದರಿಯದ್ದು. ಯಾರ ಹಂಗೂ ಇಲ್ಲದಿರೋದೇ ಗೌರವ. ಹಾಗಾಗಿ ಬೇಲಿ ಎತ್ತರಿಸುತ್ತಾ ಹೋಗ್ತೀವಿ, ಒಳಗೆ ಬಿದ್ದಾಗ ಕೂಗಿದರೂ ಹೊರಗೆ ಕೇಳಿಸಲ್ಲ.

ಕೊನೆಗೆ ಅವನು ಒಪ್ಪಿದ. ಒಪ್ಪುವಾಗ ಲ್ಯಾಪ್‌ಟಾಪ್ ತೆಗೆದು ಯಾರು ಎಷ್ಟು ಕೊಟ್ಟರು ಅಂತ ಶೀಟ್ ಮಾಡಿ ನಮಗೆಲ್ಲ ಕಳಿಸಿದ. ನಾವು ಗೇಲಿ ಮಾಡಿದೆವು. ಆಮೇಲೆ ಫಿಲಿಪ್ಪಿ ಪತ್ರ ಓದುವಾಗ ಅಪೇಖೋ ಎಂಬ ಆ ರಸೀದಿ ಪದ ಸಿಕ್ಕಿತು ನೋಡಿ, ಅವನ ಶೀಟೇ ಕಣ್ಣಿಗೆ ಬಂತು. ತಲೆ ಎತ್ತಿಕೊಂಡು ತಗೊಳ್ಳುವ ಒಂದು ರೀತಿ ಅದು. 'ಬಂತು, ಬರೆದುಕೊಂಡಿದ್ದೇನೆ.' ಈಗ ಅವನಿಗೆ ಕೆಲಸ ಇದೆ, ಮೊದಲಿಗಿಂತ ಕಡಿಮೆ ಸಂಬಳ. ಅಪ್ಪ ಅಮ್ಮನಿಗೆ ಹೇಳಿದನೋ ಇಲ್ಲವೋ, ನಾನು ಕೇಳಿಲ್ಲ.

ನಮ್ಮ ಭಾಷೆಯ 'ಸಾಕು'

ಕನ್ನಡ ಬೈಬಲ್‌ನಲ್ಲಿ ಫಿಲಿಪ್ಪಿ ಪತ್ರದ ಆ ಜಾಗದಲ್ಲಿ ಇರೋದು 'ಸಂತುಷ್ಟ' ಎಂಬ ಪದ. ತಪ್ಪೇನಿಲ್ಲ. ಆದರೆ ಸಂತೋಷ ಮನಸ್ಸಿನ ಹವಾಮಾನ, ಬರುತ್ತೆ ಹೋಗುತ್ತೆ. ಔತಾರ್ಕೇಯ ಒಂದು ತಾಕತ್ತು. ಇಂಗ್ಲಿಷಿನವರ ಕಂಟೆಂಟ್ ಕೂಡ ಲ್ಯಾಟಿನ್‌ನಲ್ಲಿ 'ಒಳಗೆ ಹಿಡಿದಿಟ್ಟುಕೊಂಡದ್ದು' ಎಂಬ ಪದದಿಂದ ಬಂದದ್ದು. ದಿನವಿಡೀ ಸ್ಕ್ರೋಲ್ ಮಾಡಿ ನೋಡುವ ಕಂಟೆಂಟೂ ಅದೇ ಬೇರಿನದ್ದು. ಎಷ್ಟು ಕಂಟೆಂಟ್ ನೋಡಿದರೂ ಯಾರೂ ಕಂಟೆಂಟ್ ಆಗಲ್ಲ ಅನ್ನೋದು ಬೇರೆ ಮಾತು.

ಕೊರಿಂಥದವರ ಎರಡನೇ ಪತ್ರದ 12ನೇ ಅಧ್ಯಾಯದಲ್ಲಿ ಮಾತ್ರ, ತನ್ನನ್ನು ಚುಚ್ಚುತ್ತಿದ್ದ ಮುಳ್ಳನ್ನು ತೆಗೆದುಹಾಕು ಅಂತ ಪೌಲ ಮೂರು ಸಲ ಬೇಡಿ, ಮುಳ್ಳು ಹೋಗದೆ, ಕೃಪೆಯೊಂದಿದ್ದರೆ ಆಯ್ತು ಎಂಬ ಉತ್ತರ ಸಿಗುವ ಕಡೆ, ಅರ್ಕೆಯೋ ಪದಕ್ಕೆ ನಮ್ಮವರು ಅಚ್ಚಗನ್ನಡದ 'ಸಾಕು' ಇಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ಪದ ಇರಲಾರದು. ಸಾಲು ಎಂಬ ಹಳೆಯ ಧಾತುವಿನಿಂದ ಬಂದದ್ದು ಅದು. ಸಾಲುತ್ತೆ, ಸಾಲದು ಎಲ್ಲ ಅದರ ಮಕ್ಕಳು. 'ಸಾಲದು, ಸಾಲದು' ಅನ್ನುತ್ತಾ ಹೋದರೆ ಕೊನೆಗೆ ಬಾಯಲ್ಲಿ ಉಳಿಯೋದು 'ಸಾಲ' ಅಂತ ತಮಾಷೆ ಮಾಡಬಹುದು. ಕಿವಿಗೆ ಅದೇ ಥರ ಕೇಳಿಸುವ ಇನ್ನೊಂದು 'ಸಾಕು' ನಮ್ಮಲ್ಲಿದೆ: ಸಾಕುವುದು, ಸಾಕಿದ ಮಗು, ಸಾಕುತಾಯಿ. ಒಂದು ಕೈ ಎತ್ತಿ ತಡೆಯುತ್ತೆ, ಇನ್ನೊಂದು ಕೈ ಚಾಚಿ ಪೊರೆಯುತ್ತೆ. ಕೊರಿಂಥದವರಿಗೆ ಪೌಲ ಒಂದು ಅಧ್ಯಾಯ ಪೂರ್ತಿ ವಿವರಿಸಿದ್ದನ್ನು ಕನ್ನಡ ಎರಡಕ್ಷರದಲ್ಲಿ ಇಟ್ಟುಕೊಂಡಿದೆ.

ಹಾಗಂತ 25ರ ಸೂತ್ರ ಬಿಡಿ ಅಂತ ನಾನು ಹೇಳ್ತಿಲ್ಲ. ಎಸ್‌ಐಪಿ ನಿಲ್ಲಿಸಬೇಡಿ, ಎಮರ್ಜೆನ್ಸಿ ಫಂಡ್ ಇರಲಿ, ಹಾಸಿಗೆ ಇದ್ದಷ್ಟೇ ಕಾಲು ಚಾಚೋದು ಒಳ್ಳೆಯದು. ಬೇಲಿ ಬೇಕು. ನಾನು ನನ್ನ ಶೀಟ್‌ನಲ್ಲಿ ಇನ್ನೆರಡು ಕಾಲಂ ಸೇರಿಸಿದ್ದೇನೆ, ಅಷ್ಟೇ. ಒಂದರಲ್ಲಿ, ನಾಳೆ ನನಗೆ ಏಳನೇ ತಿಂಗಳು ಬಂದರೆ ಯಾವ ಮೂವರಿಗೆ ಫೋನ್ ಮಾಡಿ ನಿಜ ಹೇಳಬಲ್ಲೆ ಅನ್ನೋದು. ಇನ್ನೊಂದರಲ್ಲಿ, ಯಾರಿಗೆ ಏಳನೇ ತಿಂಗಳು ಬಂದರೆ ಅವರು ನನಗೆ ಫೋನ್ ಮಾಡಬಲ್ಲರು ಅನ್ನೋದು. ಮೊದಲನೆಯದರಲ್ಲಿ ಎರಡು ಹೆಸರು ಬರೆದಿದ್ದೇನೆ. ಎರಡನೆಯದನ್ನು ನಾನು ತುಂಬಿಸೋಕಾಗಲ್ಲ, ಅದು ಅವರು ಹೇಳಬೇಕು.

ನಿಮ್ಮ ಶೀಟ್‌ನಲ್ಲೂ ಆ ಎರಡು ಕಾಲಂ ಹಾಕಿ ನೋಡಿ. ದುಡ್ಡಿನ ಕಾಲಂಗಿಂತ ಅವನ್ನು ತುಂಬಿಸೋದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತೆ.